ಮಾತಾಡ್ತಾ ಮಫ್ಲರ್ ಹೆಣೆಯಲು ಯಾವ ದಾರ, ಯಾವ ಕಡ್ಡಿ ಒಳ್ಳೇದು?

ಅಮ್ಮ ಚಿತ್ರದುರ್ಗದಲ್ಲಿ, ಅಕ್ಕ ಬೆಂಗಳೂರಿನಲ್ಲಿ, ತಮ್ಮ ದೆಹಲಿಯಲ್ಲಿ, ನಾನು ದಾವಣಗೆರೆಯಲ್ಲಿ. ಸಂಜೆ ಕೆಲಸ ಮುಗಿಸಿ ಕೂತರೆ ಕೈಯಲ್ಲಿ ಹೆಣಿಗೆ, ಕಿವಿಯಲ್ಲಿ ಇವರೆಲ್ಲರ ಸುದ್ದಿ. ಎರಡೂ ಒಟ್ಟಿಗೇ ನಡೆಯಬೇಕು ಅನ್ನೋದು ನನ್ನ ಆಸೆ. ಹಾಗಾಗಿ ಯಾವ ದಾರ ತಂದರೂ ಯಾವ ಕಡ್ಡಿ ಹಿಡಿದರೂ ಮೊದಲು ನೋಡುವುದು ಒಂದೇ: ಮಾತಾಡ್ತಾ ಹೆಣೆಯೋಕೆ ಬರುತ್ತಾ? ಅಂದಚೆಂದ ಆಮೇಲೆ.

ದಾರದಿಂದ ಶುರು ಮಾಡ್ತೀನಿ. ನಮ್ಮೂರ ಚೌಕಿಪೇಟೆಯ ಅಂಗಡಿಗಳಲ್ಲಿ ಉಲ್ಲನ್ ಕೇಳಿದರೆ ಸಾಮಾನ್ಯವಾಗಿ ಕೈಗೆ ಬರುವುದು ಆಕ್ರಿಲಿಕ್. ಅದು ಕುರಿ ಉಣ್ಣೆ ಅಲ್ಲ, ಕಾರ್ಖಾನೆಯಲ್ಲಿ ಮಾಡಿದ ಎಳೆ. ಅದರಲ್ಲಿ ತಪ್ಪೇನಿಲ್ಲ, ಆದರೆ ತಿಳಿದು ತಗೋಬೇಕು. ಉಂಡೆಗೆ ಸುತ್ತಿದ ಚೀಟಿಯಲ್ಲಿ ಬರೆದಿರುತ್ತೆ. ಚೀಟಿ ಇಲ್ಲದಿದ್ದರೆ ಬೆರಳುದ್ದ ದಾರ ಕತ್ತರಿಸಿ, ಚಿಮಟದಲ್ಲಿ ಹಿಡಿದು, ಸಿಂಕ್ ಮೇಲೆ ಬೆಂಕಿ ತಾಗಿಸಿ ನೋಡಿ. ಆಕ್ರಿಲಿಕ್ ಆದರೆ ಕರಗಿ, ಕಪ್ಪಗೆ ಗಟ್ಟಿ ಮಣಿಯಾಗುತ್ತೆ. ಉಣ್ಣೆ ಆದರೆ ಕೂದಲು ಸುಟ್ಟ ವಾಸನೆ ಬರುತ್ತೆ, ಬೂದಿ ಬೆರಳಲ್ಲಿ ಪುಡಿಯಾಗುತ್ತೆ. ಹತ್ತಿ ಕಾಗದ ಸುಟ್ಟ ಹಾಗೆ ಉರಿಯುತ್ತೆ.

ಬಣ್ಣದ ಲೆಕ್ಕದಲ್ಲಿ ಆಕ್ರಿಲಿಕ್‌ಗೆ ಸಾಟಿಯಿಲ್ಲ. ಗಿಣಿಹಸಿರು, ಅರಿಶಿನ, ರಾಣಿ ಬಣ್ಣ, ನೇರಳೆ, ಎಲ್ಲವೂ ಕಡಿಮೆ ದುಡ್ಡಿಗೆ ಸಿಗುತ್ತೆ. ಹಗುರ. ಬಣ್ಣ ಬಿಡುವುದು ಕಡಿಮೆ. ವಾಷಿಂಗ್ ಮೆಷಿನ್‌ಗೆ ಹಾಕಿದರೂ ಕುಗ್ಗಲ್ಲ, ನುಸಿ ತಿನ್ನಲ್ಲ. ಹಾಸ್ಟೆಲ್ ಹುಡುಗರಿಗೆ, ಚಿಕ್ಕ ಮಕ್ಕಳಿಗೆ ಇದೇ ಸರಿ. ಕೊರತೆಯೂ ಇದೆ. ಕುತ್ತಿಗೆ ಉಜ್ಜುವ ಕಡೆ ಸಣ್ಣ ಸಣ್ಣ ಗಂಟು ಏಳುತ್ತೆ, ಬೆವರು ಹೀರಲ್ಲ. ಬಿಸಿ ಇಸ್ತ್ರಿ ಇಟ್ಟರೆ ಜೋತುಬಿದ್ದು ಮತ್ತೆ ಮೊದಲಿನ ಹಾಗೆ ಆಗಲ್ಲ. ಇನ್ನೊಂದು ಮಾತು ಎಲ್ಲರಿಗೂ ಹೇಳಬೇಕು: ಒಲೆ ಮುಂದೆ ಆಕ್ರಿಲಿಕ್ ಮಫ್ಲರ್ ಬೇಡವೇ ಬೇಡ. ಬೆಂಕಿ ತಾಗಿದರೆ ಕರಗಿ ಮೈಗೆ ಅಂಟಿಕೊಳ್ಳುತ್ತೆ. ನಮ್ಮಮ್ಮ ಬೆಳಗಿನ ಚಳಿಗೆ ಮಫ್ಲರ್ ಸುತ್ತಿಕೊಂಡೇ ಚಹಾಕ್ಕೆ ಇಡ್ತಾಳೆ. ಅದಕ್ಕೇ ಅವಳಿಗೆ ಹೆಣೆಯುವುದು ಉಣ್ಣೆಯಲ್ಲೇ. ಉಣ್ಣೆಗೆ ಬೆಂಕಿ ಸುಲಭಕ್ಕೆ ಹತ್ತಲ್ಲ. ಆದರೂ ತುದಿ ಇಳಿಬಿಡಬೇಡ, ಒಳಗೆ ಸಿಕ್ಕಿಸಿಕೋ ಅಂತ ಹೇಳ್ತಾನೇ ಇರ್ತೀನಿ.

ಹೆಣೆಯುವ ಕೈಗೆ ಉಣ್ಣೆಯಷ್ಟು ಸುಖ ಬೇರೆ ಯಾವುದೂ ಕೊಡಲ್ಲ. ದಾರ ತಾನೇ ಸ್ವಲ್ಪ ಹಿಗ್ಗುತ್ತೆ, ಕುಗ್ಗುತ್ತೆ. ಮಾತಿನ ಗುಂಗಿನಲ್ಲಿ ಒಂದು ಕುಣಿಕೆ ಬಿಗಿ, ಒಂದು ಸಡಿಲ ಆದರೂ ಒಗೆದು ಹಾಸಿ ಒಣಗಿಸಿದ ಮೇಲೆ ಸಮ ಆಗುತ್ತೆ. ಸ್ವಲ್ಪ ಒದ್ದೆಯಾದರೂ ಬೆಚ್ಚಗಿರುತ್ತೆ. ದೆಹಲಿಯ ಜನವರಿಗೆ ತಮ್ಮನಿಗೆ ಇದೇ ಬೇಕು. ಆದರೆ ಬೆಲೆ ಜಾಸ್ತಿ, ಆರೈಕೆಯೂ ಜಾಸ್ತಿ. ಉಣ್ಣೆಯ ಎಳೆಯ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಹುರುಪೆ ಇರುತ್ತೆ. ಬಿಸಿನೀರಲ್ಲಿ ಹಾಕಿ ತಿಕ್ಕಿದರೆ ಅವು ಒಂದಕ್ಕೊಂದು ಕಚ್ಚಿಕೊಂಡು ಬಟ್ಟೆ ಕುಗ್ಗಿ ದಪ್ಪಗಾಗುತ್ತೆ. ತಣ್ಣೀರಲ್ಲಿ ಅದ್ದಿ, ಹಿಂಡದೆ ಟವೆಲ್‌ನಲ್ಲಿ ಒತ್ತಿ ನೀರು ತೆಗೆಯಬೇಕು. ಎತ್ತಿಡುವಾಗ ಒಣಗಿದ ಬೇವಿನ ಸೊಪ್ಪು ಜೊತೆಗಿಡ್ತೀನಿ.

ನಮ್ಮ ಕಡೆಯದೇ ಉಣ್ಣೆ ಯಾಕಾಗಬಾರದು ಅಂತ ಕೇಳಬಹುದು. ಚಳ್ಳಕೆರೆ ಸೀಮೆಯ ಕಂಬಳಿ ಯಾರಿಗೆ ಗೊತ್ತಿಲ್ಲ? ಕುರುಬರು ಕೈಯಲ್ಲಿ ನೂತು ಮಗ್ಗದಲ್ಲಿ ನೇಯುವ ಆ ಕರಿ ಕಂಬಳಿ ಬಲು ಗಟ್ಟಿ. ಆದರೆ ನಮ್ಮ ನಾಡ ಕುರಿಯ ಉಣ್ಣೆ ಒರಟು. ಹಾಸೋಕೆ, ಹೊದೆಯೋಕೆ ಸರಿ, ಬರಿಗುತ್ತಿಗೆಗೆ ಚುಚ್ಚುತ್ತೆ. ನಾನು ಹೆಣೆದು ನೋಡಿದೆ. ಅದನ್ನು ಈಗ ಕುರ್ಚಿ ಮೇಲೆ ಹಾಸಿದೀವಿ, ಚೆನ್ನಾಗಿದೆ.

ಹತ್ತಿಯನ್ನು ಮರೆಯೋಕೆ ಆಗಲ್ಲ. ಗಿರಣಿಗಳ ಕಾಲದಲ್ಲಿ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡ ಊರು ನಮ್ಮದು. ಹತ್ತಿ ಮಫ್ಲರ್ ಮೈಗೆ ತಂಪು, ಬೆವರು ಹೀರುತ್ತೆ. ಸ್ಕೂಟಿಯಲ್ಲಿ ಓಡಾಡುವ ಅಕ್ಕನ ಮಗಳಿಗೆ ಬಿಸಿಲು, ಧೂಳು ಎರಡಕ್ಕೂ ಅದೇ ಇಷ್ಟ. ಹೆಣೆಯುವ ಕೈಗೆ ಮಾತ್ರ ಕಷ್ಟ. ದಾರ ಒಂಚೂರೂ ಹಿಗ್ಗಲ್ಲ, ಬೆರಳು ಬೇಗ ನೋಯುತ್ತೆ. ಹೆಚ್ಚುಕಮ್ಮಿ ಆದ ಕುಣಿಕೆ ಹಾಗೇ ಎದ್ದು ಕಾಣುತ್ತೆ, ಹಾಗಾಗಿ ಕಣ್ಣು ಅದರ ಮೇಲೇ ಇರಬೇಕು. ಭಾರಕ್ಕೆ ಮಫ್ಲರ್ ಉದ್ದುದ್ದ ಜಗ್ಗುತ್ತೆ. ಕೆಂಪು ಹತ್ತಿ ದಾರವನ್ನು ಒದ್ದೆ ಬಿಳಿ ಬಟ್ಟೆಗೆ ಉಜ್ಜಿ ನೋಡದೆ ಬಿಳಿ ಪಕ್ಕ ಹಾಕಬೇಡಿ.

ಇನ್ನು ಕಡ್ಡಿ. ಎರಡು ಕಡ್ಡಿಯ ಹೆಣಿಗೆಯೋ, ಒಂದೇ ಕೊಕ್ಕೆಕಡ್ಡಿಯ ಕ್ರೋಶವೋ?

ಫೋನ್ ಬಂದಾಗ ತಟ್ಟನೆ ಕೆಳಗಿಡೋಕೆ ಕ್ರೋಶ ಒಳ್ಳೇದು. ಅದರಲ್ಲಿ ಒಂದು ಹೊತ್ತಿಗೆ ಕೊಕ್ಕೆಯಲ್ಲಿ ಇರುವುದು ಒಂದೆರಡು ಕುಣಿಕೆ ಅಷ್ಟೇ, ಜಾರಿದರೂ ಜಾಸ್ತಿ ಬಿಚ್ಚಿಕೊಳ್ಳಲ್ಲ. ಎರಡು ಕಡ್ಡಿಯಲ್ಲಿ ಒಂದು ಕುಣಿಕೆ ಜಾರಿದರೆ ಏಣಿ ಇಳಿದ ಹಾಗೆ ಕೆಳಗಿನ ಸಾಲುಗಳಿಗೂ ಇಳಿಯುತ್ತೆ. ಹೂವು, ಬಳ್ಳಿ, ಚೌಕ ಬೇಕೆಂದರೆ ಕ್ರೋಶದ ಚೆಂದವೇ ಬೇರೆ. ಆದರೆ ಅದರಲ್ಲಿ ಪ್ರತಿ ಸಲವೂ ಕೊಕ್ಕೆ ಎಲ್ಲಿ ಹೋಗಬೇಕು ಅಂತ ನೋಡಬೇಕು, ಎಣಿಸಬೇಕು. ಅಕ್ಕ ಏನಾದರೂ ಕೇಳಿದರೆ ಎಣಿಕೆ ತಪ್ಪುತ್ತೆ, ಎಣಿಸುತ್ತಾ ಕೂತರೆ ಮಾತು ತಪ್ಪುತ್ತೆ. ದಾರವೂ ಜಾಸ್ತಿ ಎಳೆಯುತ್ತೆ, ಬಟ್ಟೆ ಸ್ವಲ್ಪ ಬಿರುಸು.

ಎರಡು ಕಡ್ಡಿಯಲ್ಲಿ ಎಲ್ಲ ಸಾಲನ್ನೂ ಸೀದಾ, ಅಂದರೆ ದಾರ ಹಿಂದಿಟ್ಟುಕೊಂಡು, ಹೆಣೆದರೆ ನೋಡೋದೇ ಬೇಡ, ಬೆರಳೇ ದಾರಿ ಹಿಡಿಯುತ್ತೆ. ಈ ಹೆಣಿಗೆಯ ಅಂಚು ಸುರುಳಿ ಸುತ್ತಲ್ಲ, ಎರಡೂ ಬದಿ ಒಂದೇ ಥರ ಕಾಣುತ್ತೆ. ಮಫ್ಲರ್‌ಗೆ ಇನ್ನೇನು ಬೇಕು? ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ, ಅಂದರೆ ದಾರ ಮುಂದಿಟ್ಟುಕೊಂಡು, ಹಾಕಿದರೆ ಮೇಲೆ ನುಣುಪು, ಆದರೆ ಅಂಚೆಲ್ಲ ಒಳಗೆ ಸುತ್ತಿಕೊಳ್ಳುತ್ತೆ. ನನ್ನ ಕೈ ಹೋಗುವುದು 8 ನಂಬರ್ ಕಡ್ಡಿಗೆ, ಅಂದರೆ 4 ಮಿ.ಮೀ. ದಪ್ಪದ್ದು. ನಮ್ಮ ಅಂಗಡಿಗಳಲ್ಲಿ ನಂಬರ್ ಏರಿದಷ್ಟೂ ಕಡ್ಡಿ ಸಣ್ಣ, 10 ನಂಬರ್ 3.25 ಮಿ.ಮೀ. ಹೊಸಬರು ಇದನ್ನು ನೆನಪಿಟ್ಟುಕೊಳ್ಳಿ. 8 ನಂಬರ್‌ನಲ್ಲಿ ಮಧ್ಯಮ ದಪ್ಪದ ದಾರದಿಂದ ಸುಮಾರು 40 ಕುಣಿಕೆ ಹಾಕಿದರೆ ಅಗಲ ಒಂದು ಗೇಣು ಬರುತ್ತೆ. ಬಸ್ಸಿನಲ್ಲಾದರೆ ವೈರಿನಿಂದ ಜೋಡಿಸಿದ ಸರ್ಕ್ಯುಲರ್ ಕಡ್ಡಿ ಮೇಲು, ಪಕ್ಕದವರಿಗೆ ಚುಚ್ಚಲ್ಲ. ಹೆಣಿಗೆ ಮುಗಿದ ಮೇಲೆ ಅಂಚಿಗೆ ಮಾತ್ರ ಒಂದು ಸುತ್ತು ಕ್ರೋಶ ಹಾಕ್ತೀನಿ. ಆ ಹೊತ್ತಲ್ಲಿ ಫೋನ್ ಬೇಡ.

ಬಣ್ಣ ಬದಲಿಸುವುದಕ್ಕೂ ಎರಡು ದಾರಿ. ಒಂದೇ ಉಂಡೆಯಲ್ಲಿ ಬಣ್ಣ ಬದಲಾಗುತ್ತಾ ಹೋಗುವ ಮಲ್ಟಿಕಲರ್ ದಾರ ತಗೊಂಡರೆ ಸುಮ್ನೆ ಹೆಣೆದುಕೊಂಡು ಹೋದರಾಯ್ತು. ಬೇರೆ ಬೇರೆ ಉಂಡೆಯಿಂದ ಪಟ್ಟೆ ಹಾಕಿದರೆ ಕೊನೆಗೆ ತುದಿಗಳನ್ನೆಲ್ಲ ಸೂಜಿಯಲ್ಲಿ ಒಳಗೆ ಸೇರಿಸುವ ಕೆಲಸ ಇದೆ. ಆದರೂ ನನ್ನ ಒಲವು ಪಟ್ಟೆಗೇ. ಯಾರಿಗೆ ಯಾವ ಬಣ್ಣ ಅಂತ ಕೇಳಿ ಹಾಕಬಹುದು, ಅಲ್ವಾ?

ಸುದ್ದಿಯ ವಿಷಯಕ್ಕೆ ಬಂದರೆ, ವಿಡಿಯೋ ಕಾಲ್‌ನಲ್ಲಿ ಮುಖ ಕಾಣುತ್ತೆ, ಅದು ದೊಡ್ಡದು. ಆದರೆ ಕಣ್ಣು ಪರದೆ ಮೇಲೆ ಇರಬೇಕು. ಬಣ್ಣವನ್ನೂ ಅದರಲ್ಲಿ ನಂಬೋಕಾಗಲ್ಲ, ಮರೂನ್ ತೋರಿಸಿದರೆ ಅತ್ತ ಕಡೆ ಕೆಂಪು ಅಂತಾರೆ. ಟೈಪ್ ಮಾಡುವುದಕ್ಕೆ ಕಡ್ಡಿ ಕೆಳಗಿಡಲೇಬೇಕು. ಹೆಣಿಗೆಗೆ ಹೊಂದುವುದು ವಾಟ್ಸಾಪ್‌ನ ವಾಯ್ಸ್ ಮೆಸೇಜ್. "ಉಂಡ್ಯೇನವ್ವಾ?" ಅಂತಲೇ ಅಮ್ಮ ಶುರು ಮಾಡ್ತಾಳೆ. ಸೊಪ್ಪಿನ ರೇಟು, ಪಕ್ಕದ ಮನೆಯ ಮದುವೆ ಮಾತುಕತೆ, ಮಂಡಿನೋವು, ಹಿಂದೆ ಕುಕ್ಕರ್ ಕೂಗು. ಬೇಕಾದಾಗ ನಿಲ್ಲಿಸಬಹುದು, ಇನ್ನೊಂದು ಸಲ ಕೇಳಬಹುದು. 2022ರಲ್ಲಿ ವಾಣಿವಿಲಾಸ ಸಾಗರ ತುಂಬಿ ಕೋಡಿ ಬಿತ್ತಲ್ಲ, 1933ರ ನಂತರ ಮೊದಲ ಸಲ, ಆಗ ಅಮ್ಮ ನೋಡೋಕೆ ಹೋಗಿ ಅಲ್ಲಿಂದಲೇ ಕಳಿಸಿದ ಮೆಸೇಜ್ ಇನ್ನೂ ಇಟ್ಟುಕೊಂಡಿದೀನಿ. ನೀರಿನ ಸದ್ದಿಗೆ ಅರ್ಧ ಮಾತು ಕೇಳಲ್ಲ. ಆದರೂ ಅಳಿಸೋಕೆ ಮನಸ್ಸು ಬರಲ್ಲ.

ಕಾಗದ ನಿಧಾನ, ನಿಜ. ಇನ್‌ಲ್ಯಾಂಡ್ ಲೆಟರ್ ಬರೆಯುವವರೇ ಕಡಿಮೆ ಆಗಿದ್ದಾರೆ. ಆದರೆ ಮಫ್ಲರ್ ಪೊಟ್ಟಣದೊಳಗೆ ಒಂದು ಹಾಳೆ ಕಾಗದ ಇಡುವುದನ್ನು ನಾನು ಬಿಟ್ಟಿಲ್ಲ. ಯಾವ ದಾರ, ಹೇಗೆ ಒಗೀಬೇಕು ಅಂತ ಮೇಲೆ ಬರೀತೀನಿ, ಕೆಳಗೆ ಊರ ಸುದ್ದಿ. ಒಗೆಯುವ ವಿಷಯ ಫೋನಿನಲ್ಲಿ ಹೇಳಿದರೆ ಮರೆತುಬಿಡ್ತಾರೆ. ತಮ್ಮನ ಹೆಂಡತಿ ಆ ಹಾಳೆಯನ್ನು ಬೀರುವಿನ ಬಾಗಿಲ ಒಳಗೆ ಅಂಟಿಸಿದಾಳಂತೆ. ಮುಂದಿನ ಸಲ ಅವಳಿಗೂ ಒಂದು ಹೆಣೆಯಬೇಕು, ಗಿಣಿಹಸಿರು ಮತ್ತು ಅರಿಶಿನ ಬೇಕಂತೆ, ಉಣ್ಣೆಯಲ್ಲೇ.