ಕಂಕನಾಡಿಯ ಡ್ರೈವಿಂಗ್ ಸ್ಕೂಲ್: ಗೇರ್‌ಗಿಂತ ಮೊದಲು ಕಾನೂನು

ಮಗಳನ್ನು ಮಂಗಳೂರಿನ ಕಂಕನಾಡಿಯ ಒಂದು ಸಣ್ಣ ಡ್ರೈವಿಂಗ್ ಸ್ಕೂಲಿಗೆ ಸೇರಿಸಿದ್ದೆವು. ಕಾರು ಹಳೆಯದು, ಕ್ಲಚ್ ಗಟ್ಟಿ. ಆದರೆ ಕಲಿಸುವ ಮಾಸ್ಟ್ರು ನಿಜಕ್ಕೂ ಒಳ್ಳೆಯವರು.

ಪಂಪ್‌ವೆಲ್ ಹತ್ತಿರ ಎದುರಿನ ಸ್ಕೂಟರ್‌ಗಳು ಸುತ್ತು ಉಳಿಸಲು ರಾಂಗ್ ಸೈಡಲ್ಲಿ ನುಗ್ಗಿದವು, ಅದನ್ನು ನೋಡಿ ಇವಳೂ ಸ್ಟೇರಿಂಗ್ ತಿರುಗಿಸಲು ಹೊರಟಳು. ಮಾಸ್ಟ್ರು ತಮ್ಮ ಕಡೆಯ ಬ್ರೇಕ್ ಒತ್ತಿ, ಗಾಡಿ ಬದಿಗೆ ಹಾಕಿಸಿ, "ಅವರು ಹೋದ್ರು ಅಂತ ನೀನೂ ಹೋಗ್ತೀಯಾ ಮಗಾ? ಕೇಸ್ ಬಿದ್ರೆ ಹೆಸರು ನಿನ್ನದೇ" ಅಂದರು. ನಮ್ಮಲ್ಲಿ ತಪ್ಪು ಶುರುವಾಗುವುದೇ ಹಾಗೆ ಅಲ್ವಾ? ನಿಯಮ ಗೊತ್ತಿರುತ್ತದೆ, ಆದರೂ ಪಕ್ಕದವರು ಮಾಡಿದರು ಅಂತ ಧೈರ್ಯ ಬರುತ್ತದೆ.

ಒಂದು ಸಂಜೆ ಪೋಷಕರನ್ನೂ ಕೂರಿಸಿ ಮೋಟಾರು ವಾಹನ ಕಾಯ್ದೆಯ 199ಎ ಕಲಂ ವಿವರಿಸಿದರು. ಇದು 2019ರ ತಿದ್ದುಪಡಿಯಲ್ಲಿ ಬಂದದ್ದು. ಅಪ್ರಾಪ್ತ ಮಕ್ಕಳು ಗಾಡಿ ಓಡಿಸಿ ಅಪರಾಧ ಮಾಡಿದರೆ ಪೋಷಕರಿಗೆ ಅಥವಾ ಮಾಲೀಕರಿಗೆ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, ಗಾಡಿಯ ನೋಂದಣಿ 12 ತಿಂಗಳು ರದ್ದು, ಮಗುವಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ. "ಎಲ್ಲರ ಮಕ್ಕಳೂ ಟ್ಯೂಷನ್‌ಗೆ ಸ್ಕೂಟರಲ್ಲೇ ಹೋಗ್ತಾರಲ್ಲ" ಅಂತಿದ್ದ ಒಬ್ಬರು ಇದನ್ನು ಕೇಳಿ ಸುಮ್ಮನಾದರು.

ಬೆಳಗ್ಗೆ ಜನ ಜಾಸ್ತಿ, ಸಂಜೆ ಬ್ಯಾಚ್ ಕೇಳಿ. ಫೀಸಿಗೆ ರಸೀದಿ ಕೊಡುತ್ತಾರೆ.