ಫಾರ್ಮ್, ಗುಂಪು ಚರ್ಚೆ, ಅಂಗಡಿ ಬಾಗಿಲು: ಮೂರನ್ನೂ ಮಾಡಿ ನೋಡಿದ ಮೇಲೆ

ಗ್ರಾಹಕರಿಗೆ ಏನು ಬೇಕು ಅಂತ ತಿಳಿಯಲು ಪ್ರಶ್ನೆಗಳ ಫಾರ್ಮ್ ಕಳಿಸಬೇಕೋ, ಅವರನ್ನು ಒಟ್ಟಿಗೆ ಕೂರಿಸಿ ಗುಂಪು ಚರ್ಚೆ ಮಾಡಿಸಬೇಕೋ, ಅವರ ಅಂಗಡಿಗೇ ಹೋಗಬೇಕೋ? ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಅಂಗಡಿಗೆ ಹೋಗಿ ನಿಲ್ಲುವುದಕ್ಕೆ. ಒಂದೂವರೆ ಲಕ್ಷ ರೂಪಾಯಿ ಬೇರೆ ಕಡೆ ಸುರಿದ ಮೇಲೆ ಹೇಳುತ್ತಿರುವ ಮಾತಿದು.

ನಮ್ಮದು ಆರು ಜನರ ತಂಡ. ದಿನಸಿ ಅಂಗಡಿಯವರು ಗಿರಾಕಿಗಳ ಬಾಕಿ ಲೆಕ್ಕ ಇಡುವ ಆ್ಯಪ್ ಮಾಡುತ್ತೇವೆ. ಆ್ಯಪ್‌ನಲ್ಲಿ ಏನಿರಬೇಕು ಅಂತ ನೋಡಿಕೊಳ್ಳುವ ಪ್ರಾಡಕ್ಟ್ ಮ್ಯಾನೇಜರ್ ಕೆಲಸ ನನ್ನದು. ಆ್ಯಪ್ ಹಾಕಿಕೊಂಡವರು ಎರಡನೇ ದಿನಕ್ಕೇ ಬಿಟ್ಟುಬಿಡುತ್ತಿದ್ದರು. ಆ್ಯಪ್‌ನ ಯಾವ ಪುಟದಲ್ಲಿ ಬಿಡುತ್ತಾರೆ ಅಂತ ಬಳಕೆಯ ಲೆಕ್ಕ ಕಾಣಿಸುವ ಡ್ಯಾಶ್‌ಬೋರ್ಡ್ ತೋರಿಸುತ್ತಿತ್ತು, ಯಾಕೆ ಅಂತ ಅದರಲ್ಲಿ ಇರಲಿಲ್ಲ.

ದುಡ್ಡು ಹೋಗಿದ್ದು ಗುಂಪು ಚರ್ಚೆಗೆ. ಒಂದು ಏಜೆನ್ಸಿಯವರು ಹೋಟೆಲ್ ಹಾಲ್‌ನಲ್ಲಿ ಎಂಟು ಜನ ಅಂಗಡಿ ಮಾಲೀಕರನ್ನು ಕೂರಿಸಿದರು. ಒಬ್ಬರು ಮಾತಾಡಿದರು, ಉಳಿದವರು ತಲೆಯಾಡಿಸಿದರು. ನಿಜವಾದ ತೊಂದರೆ ನನಗೆ ಹೊಳೆದಿದ್ದು ಆಮೇಲೆ. ಮಧ್ಯಾಹ್ನ ಮೂರು ಗಂಟೆ ಹೊತ್ತು ಅಂಗಡಿ ಬಿಟ್ಟು ಬಂದವರು ಅಂದರೆ ಅಲ್ಲಿ ನೋಡಿಕೊಳ್ಳೋಕೆ ಹುಡುಗರಿದ್ದಾರೆ ಅಂತ ಅರ್ಥ. ಗಲ್ಲಾ ಬಿಟ್ಟು ಏಳಲಾಗದವರೇ ನಮ್ಮ ಗ್ರಾಹಕರು. ಅಂಥವರು ಒಬ್ಬರೂ ಆ ಹಾಲ್‌ನಲ್ಲಿರಲಿಲ್ಲ.

ಫಾರ್ಮ್‌ಗೆ ಖರ್ಚು ಕಡಿಮೆ. ಆದರೆ ನನ್ನನ್ನು ಜಾಸ್ತಿ ಕಾಡಿದ್ದು ಅದೇ, ಅದೂ ಒಂದೇ ಒಂದು ಪದದಿಂದ. ‘ನೀವು ಗ್ರಾಹಕರಿಗೆ ಸಾಲ ನೀಡುತ್ತೀರಾ?’ ಅಂತ ಕೇಳಿದ್ದೆವು. ಉತ್ತರ ಬಂದಿದ್ದು 118. ಅದರಲ್ಲಿ 83 ಜನ ‘ಇಲ್ಲ’ ಅಂದಿದ್ದರು. ಬಾಕಿ ಲೆಕ್ಕವೇ ಯಾರಿಗೂ ಬೇಡ ಅಂದುಕೊಂಡು, ಆ ಭಾಗವನ್ನೇ ತೆಗೆದು ಹಾಕುವ ಮಾತು ಆಫೀಸಿನಲ್ಲಿ ಶುರುವಾಯಿತು.

ಅದೇ ವಾರ ಬೆಂಗಳೂರಿನ ಹನುಮಂತನಗರದ ಒಂದು ಸಣ್ಣ ಅಂಗಡಿಯಲ್ಲಿ ಅದೇ ಪ್ರಶ್ನೆ ಕೇಳಿದೆ. ಅಲ್ಲಿದ್ದ ಅಮ್ಮ, “ಸಾಲ ಗೀಲ ಎಲ್ಲಾ ಕೊಡಲ್ಲಪ್ಪ” ಅಂದರು. ಹಾಗನ್ನುತ್ತಲೇ ಎರಡು ಪ್ಯಾಕೆಟ್ ನಂದಿನಿ ಹಾಲು ಹುಡುಗನ ಕೈಗಿಟ್ಟು, ಮೊಳೆಗೆ ನೇತುಹಾಕಿದ್ದ ಉದ್ದನೆ ಪುಸ್ತಕ ತೆಗೆದು ಬರೆದರು.

“ಇದು ಸಾಲ ಅಲ್ವಾಮ್ಮ?”

“ಇದೆಂಥ ಸಾಲ? ಬರ್ಕೊಳ್ಳೋದು ಅಷ್ಟೇ. ಒಂದನೇ ತಾರೀಖು ಕೊಡ್ತಾರೆ.”

ಸಾಲ ಅಂದರೆ ಅವರಿಗೆ ಬಡ್ಡಿ, ಫೈನಾನ್ಸು. ಆ 83 ಜನ ಸುಳ್ಳು ಹೇಳಿರಲಿಲ್ಲ, ತಪ್ಪು ಪದದಲ್ಲಿ ಕೇಳಿದ್ದು ನಾವು. ಫಾರ್ಮ್‌ನಲ್ಲಿ ಇದು ಗೊತ್ತಾಗುವ ದಾರಿಯೇ ಇಲ್ಲ. ಓದಿದವರು “ಅಂದ್ರೆ ಏನು?” ಅಂತ ತಿರುಗಿ ಕೇಳುವ ಹಾಗಿಲ್ಲವಲ್ಲ.

ತಿಂಗಳ ವ್ಯಾಪಾರ ಎಷ್ಟು ಅನ್ನುವ ಪ್ರಶ್ನೆಯೂ ಹಾಳಾಯಿತು. 2025ರ ಜುಲೈನಲ್ಲಿ ಯುಪಿಐ ವಹಿವಾಟಿನ ಲೆಕ್ಕ ನೋಡಿ ಬೆಂಗಳೂರಿನ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಬಂದಿತ್ತು. ಸರಕು ಮಾರುವವರ ವರ್ಷದ ವಹಿವಾಟು 40 ಲಕ್ಷ ದಾಟಿದರೆ ನೋಂದಣಿ ಬೇಕು. ಎಷ್ಟೋ ಅಂಗಡಿಗಳಲ್ಲಿ ಕ್ಯೂಆರ್ ತೆಗೆದು ‘ಕ್ಯಾಶ್ ಮಾತ್ರ’ ಅಂತ ಅಂಟಿಸಿದ್ದರು. ನಮ್ಮ ಫಾರ್ಮ್ ಹೋಗಿದ್ದು ಅದರ ಮರು ತಿಂಗಳು. ಯಾರು ತಾನೇ ನಿಜವಾದ ಮೊತ್ತ ಬರೆಯುತ್ತಾರೆ?

‘ಈ ಆ್ಯಪ್ ಬೇರೆಯವರಿಗೆ ಹೇಳುತ್ತೀರಾ, 0ಯಿಂದ 10ರಲ್ಲಿ ಎಷ್ಟು?’ ಅನ್ನುವುದೂ ಇತ್ತು. ಅಮೆರಿಕದ ವ್ಯಾಪಾರ ಸಲಹೆಗಾರ ಫ್ರೆಡ್ ರೈಕ್‌ಹೆಲ್ಡ್ 2003ರಲ್ಲಿ ಮುಂದಿಟ್ಟ ಈ ಅಳತೆಯಲ್ಲಿ 9, 10 ಕೊಟ್ಟವರು ಮಾತ್ರ ಮೆಚ್ಚಿದವರು, 7 ಕೊಟ್ಟವರು ಲೆಕ್ಕಕ್ಕಿಲ್ಲ. ಆದರೆ ನಮ್ಮ ಪರೀಕ್ಷೆಗಳಲ್ಲಿ ನೂರಕ್ಕೆ 60 ಬಂದರೇ ಫಸ್ಟ್ ಕ್ಲಾಸ್. ಖುಷಿಯಾಗಿದ್ದವರೂ 7 ಕೊಟ್ಟಿದ್ದರು.

ಫೋನ್ ಮಾಡಿಯೂ ನೋಡಿದೆ. “ಚೆನ್ನಾಗಿದೆ ಸರ್” ಅಂತ ಇಟ್ಟುಬಿಡುತ್ತಾರೆ.

ಈಗ ಆ ಉದ್ದನೆ ಪುಸ್ತಕದ ವಿಷಯ. ಅಮ್ಮ ನನಗೆ ಪುಟ ತಿರುವಿ ತೋರಿಸಿದರು. ಒಂದೊಂದು ಮನೆಗೆ ಒಂದೊಂದು ಪುಟ. ಮೇಲೆ ‘ಹಸಿರು ಗೇಟು’, ‘ಮೂರನೇ ಮಹಡಿ ಟೀಚರ್’, ‘ನಾಯಿ ಮನೆ’. ಹೆಸರಿಲ್ಲ, ಮೊಬೈಲ್ ನಂಬರ್ ಅಂತೂ ಇಲ್ಲವೇ ಇಲ್ಲ. ನಮ್ಮ ಆ್ಯಪ್ ಮೊದಲು ಕೇಳುತ್ತಿದ್ದುದೇ ಗಿರಾಕಿಯ ನಂಬರ್. ಹತ್ತು ವರ್ಷದಿಂದ ಹಾಲು ಒಯ್ಯುವವರನ್ನು ನಿಲ್ಲಿಸಿ ನಂಬರ್ ಕೇಳಿದರೆ ನನ್ನ ಮೇಲೆ ನಂಬಿಕೆ ಇಲ್ವಾ ಅಂದುಕೊಳ್ಳುತ್ತಾರೆ ಅಂತ ಅಮ್ಮನಿಗೆ ಹೆದರಿಕೆ. ಡ್ಯಾಶ್‌ಬೋರ್ಡ್‌ನಲ್ಲಿ ಜನ ಬಿಟ್ಟು ಹೋಗುತ್ತಿದ್ದ ಪುಟ ಅದೇ. ಈಗ ನಂಬರ್ ಕಡ್ಡಾಯವಲ್ಲ, ಏನು ಬೇಕಾದರೂ ಬರೆಯಬಹುದು.

ಹೋಗುವುದಾದರೆ ಹೊತ್ತು ನೋಡಿಕೊಂಡು ಹೋಗಿ. ಬೆಳಗ್ಗೆ ಆರರಿಂದ ಒಂಬತ್ತು ಹಾಲಿನ ಹೊತ್ತು, ಸುಮ್ನೆ ಪಕ್ಕದಲ್ಲಿ ನಿಂತು ನೋಡಬೇಕು, ಮಾತಾಡಿಸಬಾರದು. ಮಾತಿಗೆ ಮಧ್ಯಾಹ್ನ ಮೂರು ಗಂಟೆ ಒಳ್ಳೆಯದು. ಏನಾದರೂ ಕೊಂಡುಕೊಳ್ಳಿ. ಅವರು ಗಿರಾಕಿ ನೋಡುತ್ತಿರುವಾಗ ಮೊಬೈಲ್ ಮುಂದೆ ಹಿಡಿಯಬೇಡಿ.

ಕೊರತೆ ಇಲ್ಲದೆ ಇಲ್ಲ. ದಿನಕ್ಕೆ ನಾಲ್ಕು ಅಂಗಡಿ ದಾಟುವುದಿಲ್ಲ. ಪುಟವನ್ನು ಬಳಸುವಾಗ ಎದುರಾಗುವ ತೊಡಕುಗಳಲ್ಲಿ ಸುಮಾರು 85% ಕಂಡುಹಿಡಿಯಲು ಐದು ಜನ ಸಾಕು ಅಂತ ವೆಬ್‌ಸೈಟುಗಳ ಬಳಕೆಯ ತಜ್ಞ ಯಾಕೋಬ್ ನೀಲ್ಸನ್ 2000ದಲ್ಲೇ ಬರೆದಿದ್ದರು. ಅದು ತೊಡಕಿನ ಮಾತು. ನೂರರಲ್ಲಿ ಎಷ್ಟು ಜನಕ್ಕೆ ಇದು ಬೇಕು ಅನ್ನುವುದು ಐದು ಅಂಗಡಿಯಿಂದ ತಿಳಿಯದು. ಆ ಎಣಿಕೆಗೆ ಫಾರ್ಮ್ ಇಟ್ಟುಕೊಂಡಿದ್ದೇನೆ, ಆದರೆ ಅಂಗಡಿಯಲ್ಲಿ ಕೇಳಿಸಿಕೊಂಡ ಪದಗಳಲ್ಲೇ ಪ್ರಶ್ನೆ ಬರೆಯುತ್ತೇನೆ.

ನನಗೆ ನಡೆಯುವುದು ಇಷ್ಟ, ಕನ್ನಡ ಬರುತ್ತದೆ, ಓಡಾಟಕ್ಕೆ ದಿನಕ್ಕೆ ಇನ್ನೂರು ರೂಪಾಯಿ ಸಾಕು. ನಿಮ್ಮ ಗ್ರಾಹಕರು ಬೇರೆ ರಾಜ್ಯಗಳಲ್ಲಿದ್ದರೆ ಈ ಲೆಕ್ಕ ಬೇರೆ. ನಮ್ಮ ತಂಡದಲ್ಲಂತೂ ಈಗ ಮಂಗಳವಾರ ಯಾರೂ ಆಫೀಸಿಗೆ ಬರುವುದಿಲ್ಲ. ಕೋಡ್ ಬರೆಯುವವರೂ ಅಂಗಡಿಗೇ ಹೋಗುತ್ತಾರೆ.