ಪೆಟ್ಟಿಗೆಯ ನಂಬರ್ ಅಸಲಿ, ಒಳಗಿನ ರೂಪಾಯಿ ನಕಲಿ

ಹತ್ತೊಂಬತ್ತು ವರ್ಷಗಳಿಂದ ನಾಣ್ಯ ಕೂಡಿಸುತ್ತಿರುವ ನಾನೇ ಟೋಪಿ ಹಾಕಿಸಿಕೊಂಡೆ. ಹೇಳಿಕೊಳ್ಳಲು ನಾಚಿಕೆ. ಆದರೆ ಅದೇ ಮನುಷ್ಯ ಈಗ ಚಿತ್ರದುರ್ಗದಲ್ಲಿ ಓಡಾಡುತ್ತಿದ್ದಾನಂತೆ, ಅದಕ್ಕೇ ಬರೆಯುತ್ತಿದ್ದೇನೆ.

ದಾವಣಗೆರೆಯ ಪಿ.ಬಿ. ರಸ್ತೆಯ ಹೋಟೆಲಿನಲ್ಲಿ ಬೆಣ್ಣೆ ದೋಸೆ ಮುಗಿಯುವಷ್ಟರಲ್ಲಿ ವ್ಯವಹಾರ ಮುಗಿದಿತ್ತು. (ಬಿಲ್ಲನ್ನೂ ನಾನೇ ಕೊಟ್ಟೆ!) 1911ರ ಐದನೇ ಜಾರ್ಜ್ ಬೆಳ್ಳಿ ರೂಪಾಯಿ, ಅಮೆರಿಕದ ಗ್ರೇಡಿಂಗ್ ಸಂಸ್ಥೆಯೊಂದರ (ನಾಣ್ಯ ಪರೀಕ್ಷಿಸಿ, ದರ್ಜೆ ಕೊಟ್ಟು, ನಂಬರ್ ಹಾಕಿದ ಪೆಟ್ಟಿಗೆಯಲ್ಲಿ ಭದ್ರವಾಗಿ ಮುಚ್ಚಿಕೊಡುವವರು) ಹೆಸರಿನ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ. ದರ್ಜೆ ಎಂಎಸ್ (ಮಿಂಟ್ ಸ್ಟೇಟ್) 63. ಎಪ್ಪತ್ತಕ್ಕೆ ಅರವತ್ತಮೂರು ಎಂದರೆ ಚಲಾವಣೆಯನ್ನೇ ಕಾಣದ ನಾಣ್ಯ. ಒಂದೆರಡು ಅಂಕ ಏರಿದರೆ ಬೆಲೆ ಎಲ್ಲಿಗೆ ಹೋಗುತ್ತದೆಂದು ನಿಮಗೆ ಗೊತ್ತೇ ಇದೆ. 28,000 ರೂಪಾಯಿ ಎಣಿಸಿಕೊಟ್ಟೆ.

ನಂಬರ್ ಪರೀಕ್ಷಿಸಲಿಲ್ಲವೇ ಎಂದು ಕೇಳಬೇಡಿ. ಪರೀಕ್ಷಿಸಿದೆ. ಅಲ್ಲೇ, ಮೊಬೈಲಿನಲ್ಲಿ, ಆ ಸಂಸ್ಥೆಯ ಜಾಲತಾಣದಲ್ಲಿ. ಇಸವಿ ಸರಿ, ದರ್ಜೆ ಸರಿ. ಅಷ್ಟಕ್ಕೇ ಮೊಬೈಲನ್ನು ಜೇಬಿಗಿಳಿಸಿದೆ. ಕೆಳಗೆ ಫೋಟೊ ಇತ್ತು. ಬೆರಳನ್ನು ಇನ್ನೊಂದು ಸಲ ಜಾರಿಸಿದ್ದರೆ ಸಾಕಿತ್ತು.

ರಾತ್ರಿ ಮನೆಯಲ್ಲಿ ಮಸೂರ ಹಿಡಿದು ರಾಜನ ಉಡುಪಿನ ಮೇಲಿನ ಆನೆಯನ್ನು ನೋಡಿದೆ. 1911ರ ರೂಪಾಯಿಗೆ ಬೆಲೆ ಬಂದಿರುವುದೇ ಆ ಆನೆಯಿಂದ. ಸೊಂಡಿಲು ಮೋಟಾಗಿ ಹಂದಿಯಂತೆ ಕಾಣುತ್ತದೆಂದು ಜನ ಆಕ್ಷೇಪಿಸಿದ್ದರಿಂದ ನಾಣ್ಯವನ್ನು ಹಿಂಪಡೆದು, 1912ರಲ್ಲಿ ಆನೆಯನ್ನು ತಿದ್ದಿದರು. ನನ್ನ 1911ರ ಆನೆಯೋ, ಚೆಂದಕ್ಕೆ ಉದ್ದನೆಯ ಸೊಂಡಿಲು ಇಳಿಬಿಟ್ಟುಕೊಂಡು ನಿಂತಿದೆ! ಜಾಲತಾಣದ ಫೋಟೊ ತೆಗೆದರೆ ಅಲ್ಲಿ ಹಂದಿಯೇ ಇದೆ. ಯಾರದೋ ಅಸಲಿ ನಾಣ್ಯದ ನಂಬರನ್ನು ನಕಲಿ ಪೆಟ್ಟಿಗೆಗೆ ಅಂಟಿಸಿದ್ದಾರೆ. ಕೈ ತಣ್ಣಗಾಯಿತು.

ಮಾರಿದವನಿಗೆ ಫೋನ್ ಮಾಡಿದೆ. "ನಂಬರ್ ಸರಿ ಇದೆಯಲ್ಲ ಸಾರ್, ಇನ್ನೇನು?" ಆನೆಯ ವಿಷಯ ಹೇಳಿದೆ. "ಬೆಳಕಿಗೆ ಹಾಗೆ ಕಾಣುತ್ತದೆ." ಬೆಳಕಿಗೆ ಸೊಂಡಿಲು ಬೆಳೆಯುತ್ತದೆಯೇ?

ಸಿಟ್ಟಿನಲ್ಲಿ ಇನ್ನೊಂದು ಎಡವಟ್ಟು ಮಾಡಿದೆ. ಮರುದಿನ ಪರಿಚಯದ ಅಕ್ಕಸಾಲಿಗರ ಬಳಿ ಪೆಟ್ಟಿಗೆ ಒಡೆಸಿ ತೂಗಿಸಿದೆ. 11.66 ಗ್ರಾಂ ಇರಬೇಕಾದದ್ದು 10.8. ತೂಕದ ಫೋಟೊ ಕಳಿಸಿದ್ದಕ್ಕೆ ಅವನ ಉತ್ತರ: "ಪೆಟ್ಟಿಗೆ ಒಡೆದಿದ್ದೀರಿ. ಒಳಗಿನದನ್ನು ನೀವೇ ಬದಲಾಯಿಸಿಲ್ಲವೆಂದು ನಾನು ಹೇಗೆ ನಂಬಲಿ?" ನನ್ನನ್ನೇ ಕಳ್ಳನನ್ನಾಗಿ ಮಾಡಿದ! ಆಮೇಲೆ ಫೋನ್ ಎತ್ತಲೇ ಇಲ್ಲ.

ನಂಬರ್ ಮಾತ್ರ ನೋಡಬೇಡಿ, ಫೋಟೊದ ಒಂದೊಂದು ಗೀರನ್ನೂ ಕೈಯಲ್ಲಿರುವ ನಾಣ್ಯಕ್ಕೆ ಹೋಲಿಸಿ. ಫೋಟೊ ಇಲ್ಲದಿದ್ದರೆ ದುಡ್ಡು ಜೇಬಿನಲ್ಲೇ ಇರಲಿ. ಅನುಮಾನ ಬಂದರೂ ಪೆಟ್ಟಿಗೆ ಒಡೆಯಬೇಡಿ. ದುರ್ಗದವರೇ, ನಲವತ್ತರ ಆಸುಪಾಸಿನವನು, ಮಾತು ಬಲು ನಯ, ನಾಣ್ಯವನ್ನು ನೀಲಿ ಮಖಮಲ್ ಚೀಲದಿಂದ ತೆಗೆಯುತ್ತಾನೆ.